ಬೀಜದ ವಾಡೆಯಲ್ಲಿ ಎರಡನೇ ಗೆರೆ

ಯಳಂದೂರಿನಾಚೆ, ಬೆಟ್ಟದ ಬುಡದ ಒಂದು ಹತ್ತಿ ಹೊಲದ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ನಾನು ಕೈಯಲ್ಲಿದ್ದ ಪ್ಲಾಸ್ಟಿಕ್ ಕೊಳವೆಯನ್ನೇ ನೋಡುತ್ತಿದ್ದೆ. ಎಲೆಯ ಒಂದು ಚೂರನ್ನು ಅದರೊಳಗೆ ಹಾಕಿ, ಕಡ್ಡಿಯಿಂದ ಅರೆದು, ದ್ರಾವಣ ಬೆರೆಸಿ, ಕಾಗದದ ಪಟ್ಟಿ ಅದ್ದಿದ್ದೆ. ಪಟ್ಟಿಯ ಮೇಲೆ ಒಂದೇ ಗೆರೆ ಬಂದರೆ ಗಿಡ ನಮ್ಮದು. ಎರಡು ಗೆರೆ ಬಂದರೆ ಅದು ಬಿಟಿ ಹತ್ತಿ, ಅಂದರೆ ಕಾಯಿಕೊರಕ ಹುಳು ತಿಂದು ಸಾಯಲೆಂದು ಬೇರೊಂದು ಜೀವಿಯ ಗುಣವನ್ನು ಪ್ರಯೋಗಾಲಯದಲ್ಲಿ ಸೇರಿಸಿ ಮಾಡಿದ ತಳಿ. ಮೊದಲ ಗೆರೆ ಬಂತು. ಪಟ್ಟಿಯನ್ನು ಎತ್ತಬೇಕು ಎನ್ನುವಷ್ಟರಲ್ಲಿ ಅದರ ಕೆಳಗೆ ಇನ್ನೊಂದು ಗೆರೆ ತೆಳ್ಳಗೆ ಮೂಡಿ, ನೋಡನೋಡುತ್ತ ದಪ್ಪಗಾಯಿತು.

ಹೊಲದ ಯಜಮಾನ ಪಕ್ಕದಲ್ಲೇ ನಿಂತಿದ್ದ. ಅವನು ಪಟ್ಟಿ ನೋಡಲಿಲ್ಲ, ನನ್ನ ಮುಖ ನೋಡಿದ. ನನಗೆ ಅಲ್ಲೇ ಅನುಮಾನ ಶುರುವಾಯಿತು.

ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕಿನಲ್ಲಿ ಗೊಬ್ಬರದಂಗಡಿ ಔಷಧಿಯಂಗಡಿಗಳ ಸಹವಾಸವಿಲ್ಲದೆ ಹತ್ತಿ ಬೆಳೆಯುವ ರೈತರದು ಒಂದು ಸಂಘ. ಸಂಘದ ಪರವಾಗಿ ಹೊಲ ಹೊಲ ಸುತ್ತಿ ತಪಾಸಣೆ ಮಾಡುವವಳು ನಾನು. ಬಿಟಿ ಬೆರೆತರೆ ನಮ್ಮ ಹತ್ತಿ ಸಾವಯವ ಎನ್ನಿಸಿಕೊಳ್ಳುವುದಿಲ್ಲ. ಹೊರಗಿನ ಅಧಿಕಾರಿಗಳು ಬಂದು ತಪ್ಪು ಹಿಡಿಯುವುದಕ್ಕೆ ಮೊದಲು ನಮ್ಮ ತಪ್ಪನ್ನು ನಾವೇ ಹಿಡಿಯಬೇಕು, ಅದಕ್ಕೇ ನನಗೆ ಸಂಬಳ. ಊರುಗಳಲ್ಲಿ ನನ್ನನ್ನು ಚೆಕಿಂಗ್ ಮೇಡಮ್ಮ ಎನ್ನುತ್ತಾರೆ. ನಾನು ಹುಟ್ಟಾ ಸಂಶಯದವಳು. ಮನೆಗೆ ಹಾಲಿನವನು ಬಂದರೂ ಹಾಲನ್ನು ಮೂಸಿ ನೋಡಿಯೇ ಪಾತ್ರೆಗೆ ಸುರಿಯುತ್ತೇನೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದು ನಮ್ಮ ಮನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಈ ಕಸುಬಿಗೆ ಬೇರೆ ಥರದ ಕಣ್ಣು ಬೇಡ.

ನಮ್ಮ ಸಂಘ ಬೆಳೆಯುವುದು ಹಳೇ ಕಾಲದ ಒಂದು ತಳಿ. ಅದರ ಬೀಜ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇವತ್ತು ಅಂಗಡಿಗೆ ಹೋಗಿ ಹತ್ತಿ ಬೀಜ ಕೊಡಿ ಎಂದರೆ ಕೈಗೆ ಬರುವುದು ಬಿಟಿ ಪ್ಯಾಕೆಟ್ಟೇ. ನಮ್ಮ ಬೀಜವಿರುವುದು ಹನೂರು ದಾಟಿದ ಮೇಲೆ ಕಾಡಂಚಿನ ಒಂದು ಊರಿನ ಒಂದೇ ಮನೆಯಲ್ಲಿ, ಅಲ್ಲಿನ ಒಂದು ಮಣ್ಣಿನ ವಾಡೆಯಲ್ಲಿ. ಆಳೆತ್ತರದ ಆ ವಾಡೆಯನ್ನು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಬೀಜದಮ್ಮ ಎನ್ನುತ್ತಾರೆ. ಬೀಜಕ್ಕೆಂದು ಆರಿಸಿದ ಹತ್ತಿಯನ್ನು ಆಕೆ ಮಿಲ್ಲಿಗೆ ಕಳಿಸುವುದಿಲ್ಲ. ಕೈರಾಟೆಯಲ್ಲಿ ಅರಳೆ ಬಿಡಿಸಿ, ಬೂದಿ ಬೇವಿನೆಲೆ ಬೆರೆಸಿ, ವಾಡೆಗೆ ತುಂಬಿಸುತ್ತಾರೆ. ಆ ವಾಡೆ ಕೆಟ್ಟರೆ ನಮಗೆ ಬೇರೆ ಗತಿಯಿಲ್ಲ. ಬೀಜದಮ್ಮನ ಪಾಲಿಗಂತೂ ಅದು ಅತ್ತೆಯ ಕೈಯಿಂದ ಬಂದ ಪಟ್ಟ.

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ನಾನು ಯಳಂದೂರಿನ ರೈತನ ಕಡೆಗೆ ತಿರುಗಿದೆ.

"ಇದು ಬಿಟಿ ಗಿಡ" ಎಂದೆ.

ಅವನು ಕಾಲುವೆಯಾಚೆಗೆ ಕೈ ತೋರಿಸಿದ. "ಆ ಮಗ್ಗುಲೆಲ್ಲ ಬಿಟಿನೇ ಆಕವ್ರೆ ಮೇಡಮ್ಮ. ಜೇನುಳ ಅಲ್ಗೂ ಓಯ್ತದೆ, ಇಲ್ಗೂ ಬತ್ತದೆ. ಅದ್ಕೆ ನಾನು ಗೇಟ್ ಆಕ್ಸಕಾದದಾ?"

ಮಾತು ಸಿದ್ಧ ಮಾಡಿಟ್ಟುಕೊಂಡವನ ಹಾಗಿತ್ತು. "ಈ ವರ್ಷ ಜೇನುಹುಳ ಮಾಡಿದ್ದು ಮುಂದಿನ ವರ್ಷದ ಬೀಜದಲ್ಲಿ ಕಾಣುತ್ತೆ, ಈ ವರ್ಷದ ಎಲೆಯಲ್ಲಲ್ಲ. ಎಲೆಯಲ್ಲಿ ಗೆರೆ ಬಂತು ಅಂದ್ರೆ ನೀವು ಬಿತ್ತಿದ ಬೀಜದಲ್ಲೇ ಇತ್ತು ಅಂತ" ಎಂದೆ.

"ನಾನು ಪ್ಯಾಕೆಟ್ ತಂದು ಬಿತ್ತಿದ್ರೆ ಇಡೀ ಒಲನೇ ಬಿಟಿ ಆಗ್ಬೇಕಾಗಿತ್ತಲ್ವುರಾ?"

"ಹುಟ್ಟದೆ ಖಾಲಿ ಬಿದ್ದ ಗುಳಿಗೆ ಏನು ಹಾಕಿದ್ರಿ?"

ಅವನು ತಡವರಿಸಿದ. "ಅದೇ ಬೀಜನೇ" ಎಂದ. ತಡವರಿಸಿದವರನ್ನು ನಾನು ನಂಬುವುದಿಲ್ಲ. ಹುಟ್ಟದ ಗುಳಿಗೆ ಪಕ್ಕದ ಹೊಲದವರ ಹತ್ತಿರ ಒಂದು ಹಿಡಿ ಪ್ಯಾಕೆಟ್ ಬೀಜ ಈಸಿಕೊಂಡು ಊರಿ, ಸುಮ್ಮನಿದ್ದುಬಿಟ್ಟ ರೈತರನ್ನು ನಾನು ಮೊದಲೇ ನೋಡಿದ್ದೆ.

ಅವತ್ತು ಉಳಿದ ಪಟ್ಟಿಗಳನ್ನೆಲ್ಲ ಆ ಹೊಲದಲ್ಲೇ ಮುಗಿಸಿದೆ. ಕಾಲುವೆ ಕಡೆಯ ಸಾಲು, ನಡುವಿನ ಸಾಲು, ಬೆಟ್ಟದ ಕಡೆಯ ಸಾಲು ಎಂದು ಬಿಡಿಬಿಡಿಯಾಗಿ ಎಲೆ ಕಿತ್ತು, ಪರೀಕ್ಷಿಸಿದ ಗಿಡಕ್ಕೆಲ್ಲ ದಾರ ಕಟ್ಟಿದೆ. ಎರಡು ಗೆರೆಯ ಗಿಡಗಳು ಅಲ್ಲೊಂದು ಇಲ್ಲೊಂದು ಸಿಕ್ಕವು. ಇಳಿಹೊತ್ತಿಗೆ ಬದುವಿನ ಮೇಲೆ ನಿಂತು ಅವುಗಳನ್ನು ಒಟ್ಟಿಗೆ ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಪ್ಯಾಕೆಟ್ ಬೀಜದ ಗಿಡಗಳು ಸಮವಸ್ತ್ರ ಹಾಕಿದ ಮಕ್ಕಳ ಹಾಗೆ ಒಂದೇ ಎತ್ತರ, ಒಂದೇ ರೂಪ ಇರುತ್ತವೆ. ಇವು ಹಾಗಿರಲಿಲ್ಲ. ಒಂದು ಎದೆಮಟ್ಟ, ಒಂದು ಮೊಣಕಾಲುಮಟ್ಟ, ಒಂದರ ಎಲೆ ಅಗಲ, ಇನ್ನೊಂದರದು ಕಿರಿದು. ಸಂಕರ ತಳಿಯ ಬೀಜವನ್ನು ಮತ್ತೆ ಬಿತ್ತಿದರೆ ಹೀಗೆ ದಿಕ್ಕಿಗೊಂದಾಗಿ ಹುಟ್ಟುತ್ತವೆ. ಅಂದರೆ ಇದು ಅಂಗಡಿಯ ಪ್ಯಾಕೆಟ್ಟಲ್ಲ. ಬಿಟಿ ಹತ್ತಿಯನ್ನು ಮಿಲ್ಲಿನಲ್ಲಿ ಬಿಡಿಸಿದ ಮೇಲೆ ಉಳಿಯುವ ಬೀಜ. ಆ ಬೀಜವನ್ನು ಯಾರೂ ಬಿತ್ತನೆಗೆ ಕೊಳ್ಳುವುದಿಲ್ಲ. ಅದು ಹಿಂಡಿ ಬೂಸಾ ಅಂಗಡಿಗೆ ಬಂದು, ಅಲ್ಲಿಂದ ಹಾಲು ಕರೆಯುವ ಹಸುವಿನ ಬಾನಿಗೆ ಹೋಗುತ್ತದೆ.

ಹಿಂಡಿ ಬೂಸಾ ಎಂದ ತಕ್ಷಣ ನನಗೆ ನಮ್ಮ ಕಾರ್ಯದರ್ಶಿಯ ನೆನಪಾಯಿತು. ಸಂಘದ ಕಾರ್ಯದರ್ಶಿಯ ಬಾಮೈದನದು ಕೊಳ್ಳೇಗಾಲದಲ್ಲಿ ಬೂಸಾ ಅಂಗಡಿ. ಯಳಂದೂರಿನ ಬೀಜವನ್ನು ಹನೂರು ಕಡೆಯಿಂದ ಸಾಗಿಸಿಕೊಂಡು ಬಂದಿದ್ದು ಅದೇ ಅಂಗಡಿಯ ಲಗೇಜ್ ಆಟೋದಲ್ಲಿ, ತಂದವರು ಸಾಕ್ಷಾತ್ ಕಾರ್ಯದರ್ಶಿ.

ಮಾರನೇ ದಿನ ಸೀದಾ ಅವರ ಹತ್ತಿರ ಹೋಗಲಿಲ್ಲ. ಮೊದಲು ಮಧುವನಹಳ್ಳಿಗೆ ಹೋದೆ. ಅಲ್ಲಿಯ ರೈತರೂ ಇದೇ ವಾಡೆಯ ಬೀಜ ಬಿತ್ತಿದ್ದರು, ಆದರೆ ಯಳಂದೂರಿನವರಿಗಿಂತ ಬಹಳ ಮುಂಚೆ, ತಾವೇ ಹೋಗಿ ತಂದುಕೊಂಡಿದ್ದರು. ಬಿಸಿಲಿನಲ್ಲಿ ಸಾಲು ಸಾಲು ನಡೆದು ಎಲೆ ಕಿತ್ತೆ. ಒಂದು ಪಟ್ಟಿಯಲ್ಲೂ ಎರಡನೇ ಗೆರೆ ಬರಲಿಲ್ಲ. ಗಿಡಗಳೂ ಒಂದೇ ಥರ, ನಮ್ಮ ತಳಿಯ ಲಕ್ಷಣದಲ್ಲೇ ಇದ್ದವು. ಖುಷಿಯಾಗಬೇಕಿತ್ತು. ನನಗೆ ಮಾತ್ರ ಕಾರ್ಯದರ್ಶಿಯ ಕುತ್ತಿಗೆಗೆ ಹಗ್ಗ ಇನ್ನಷ್ಟು ಬಿಗಿಯಿತು ಎನ್ನಿಸಿತು.

ಕಾರ್ಯದರ್ಶಿ ಸಂಘದ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಎದ್ದು ಬಾಗಿಲು ಮುಂದಕ್ಕೆಳೆದು ಬಂದರು.

"ನೋಡಮ್ಮ, ಗೆರೆ ಬಂದಿರೋ ಗಿಡ ಕಿತ್ತಾಕ್ಸಿ ಸುಮ್ಕಿದ್ಬುಡಿ. ಊರ್ಗೆಲ್ಲ ಡಂಗುರ ಒಡ್ಸಿದ್ರೆ ನಮ್ಮ ಅತ್ತಿ ಯಾರು ತಕತಾರೆ?"

"ನಾನು ಪರೀಕ್ಷೆ ಮಾಡದ ಗಿಡ ಎಷ್ಟೋ ಇವೆ ಸರ್."

"ಅದ್ಕೇ ಏಳ್ತಿರೋದು. ನೋಡ್ದೆ ಇದ್ರೆ ಇಲ್ಲ ಅಂತ್ಲೇ ಲೆಕ್ಕ."

"ನೀವು ಯಳಂದೂರಿಗೆ ಬೀಜ ತಂದಾಗ ಆಟೋದಲ್ಲಿ ಇನ್ನೇನಿತ್ತು?"

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಬೂಸಾ ಇತ್ತು. ಹಿಂಡಿ ಇತ್ತು."

"ದನದ ಹತ್ತಿಬೀಜ?"

"ಇದ್ದಿರ್‍ಬೋದು. ಬೀಜದಮ್ಮನ ಮೂಟೆ ಬಾಯಿ ಒಲ್ದಿತ್ತು ಕಣಮ್ಮ. ಒಲ್ಗೆ ಬಿಚ್ಚಿರಲಿಲ್ಲ. ನೀವು ಏನು ಕೇಳ್ತಿದೀರಿ ಅನ್ನೋದು ನಂಗೆ ಅರ್ಥ ಆಯ್ತದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಲ್ಲ ಎಂದುಕೊಂಡೆ. ಮುಚ್ಚಿಹಾಕಿ ಎಂದವರು ಅವರು, ಬಾಗಿಲೆಳೆದವರು ಅವರು, ಸಾಗಿಸಿದವರು ಅವರು. ವರದಿಯ ಒಕ್ಕಣೆ ನನ್ನ ತಲೆಯಲ್ಲಿ ಆಗಲೇ ತಯಾರಾಗಿತ್ತು. ಆದರೂ ವಾಡೆಯನ್ನು ನೋಡದೆ ಬರೆಯುವ ಹಾಗಿರಲಿಲ್ಲ. ವಾಡೆಯ ಬೀಜ ಶುದ್ಧವಿದ್ದರೆ ಕೆಟ್ಟದ್ದು ದಾರಿಯಲ್ಲಿ ಎಂದು ಸಾಬೀತಾಗುತ್ತದೆ. ಅದೊಂದು ಬಾಕಿಯಿತ್ತು. ಹನೂರಿಗೆ ಹೊರಟಾಗ ನಾನು ಬೀಜದಮ್ಮನ ಮೇಲೆ ಅನುಮಾನಪಟ್ಟಿರಲಿಲ್ಲ ಎಂದು ಹೇಳಿದರೆ ನಮ್ಮ ಮನೆಯವರೂ ನಂಬುವುದಿಲ್ಲ, ಆದರೆ ಅದು ನಿಜ.

ಬೀಜದಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅರವತ್ತು ದಾಟಿದ ಜೀವ, ನನ್ನನ್ನು ಕಂಡರೆ ಪ್ರೀತಿ. ವಿಷಯ ಹೇಳಿದಾಗ ಕಾಯಿ ಸುಲಿಯುವುದನ್ನು ನಿಲ್ಲಿಸಿದರು.

"ಹೊರಗಿನ ಬೀಜ ಏನಾದ್ರೂ ಈ ಮನೆಯೊಳಕ್ಕೆ ಬಂದಿತ್ತಾ ಅಮ್ಮ?" ಎಂದೆ. ಪ್ರತಿ ವರ್ಷ ಕೇಳುವ ಪ್ರಶ್ನೆಯೇ ಅದು.

"ಇಲ್ಲ ಕಣವ್ವ. ಈ ವಸ್ಲು ದಾಟಿ ಒರಗಿನ ಒಂದು ಕಾಳು ಬಂದಿಲ್ಲ. ನಮ್ಮತ್ತೆ ಕಾಲದಿಂದ್ಲೂ ಬಂದಿಲ್ಲ."

ನಡುಮನೆಯ ಮೂಲೆಯಲ್ಲಿ ವಾಡೆ ಇತ್ತು. ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿದ್ದ ಅದರೊಳಕ್ಕೆ ಸ್ಟೂಲು ಹತ್ತಿ ಬಗ್ಗಿದೆ. ಮೇಲಿನದೊಂದು ಹಿಡಿ ತೆಗೆದೆ. ಆಮೇಲೆ ರಟ್ಟೆಯವರೆಗೂ ಕೈ ಇಳಿಸಿ ನಡುವಿನದು, ಕೊನೆಗೆ ಉದ್ದನೆಯ ಸೌಟಿನಿಂದ ತಳದ್ದು ತೆಗೆದೆ. ಮೂರೂ ಗುಂಪು ಒಂದೇ ಥರ ಕಂಡವು. ಜುಂಗು ಮೆತ್ತಿಕೊಂಡ ಬೂದು ಬಣ್ಣದ ಕಾಳು, ಕಣ್ಣಿನಿಂದ ನೋಡಿ ಬೇರೆ ಮಾಡಲು ಬ್ರಹ್ಮನಿಗೂ ಆಗದು. ಬೀಜವನ್ನು ಒಂದೊಂದಾಗಿ ಸಿಪ್ಪೆ ಒಡೆದು, ತಿರುಳನ್ನು ಬೇರೆ ಬೇರೆ ಕೊಳವೆಯಲ್ಲಿ ಅರೆದು ಪಟ್ಟಿ ಅದ್ದಿ, ಜಗುಲಿಯ ಮೇಲೆ ಸಾಲಾಗಿ ನಿಲ್ಲಿಸಿದೆ.

ತಳದ ಬೀಜದಲ್ಲಿ ಒಂದೇ ಗೆರೆ. ನಡುವಿನದರಲ್ಲಿ ಒಂದೇ ಗೆರೆ. ಮೇಲಿನ ಹಿಡಿಯಲ್ಲಿ ಒಂದಾದ ಮೇಲೊಂದು ಎರಡು ಗೆರೆ ಎದ್ದವು.

ಆಟೋ ಅಲ್ಲ. ಕಾರ್ಯದರ್ಶಿಯಲ್ಲ. ಯಳಂದೂರಿನವನ ಗುಳಿಯೂ ಅಲ್ಲ. ಮಧುವನಹಳ್ಳಿಯವರು ಬೀಜ ಒಯ್ದ ಮೇಲೆ, ಯಳಂದೂರಿಗೆ ಮೂಟೆ ಹೊಲಿಯುವುದಕ್ಕೆ ಮೊದಲು, ಈ ಮನೆಯಲ್ಲೇ ಯಾರೋ ವಾಡೆಯ ಬಾಯಿಗೆ ದನದ ಬೀಜ ಸುರಿದಿದ್ದಾರೆ. ಈ ಮನೆಯಲ್ಲಿ ಇರುವವರು ಬೀಜದಮ್ಮ ಒಬ್ಬರೇ. ಮಗ ಸೊಸೆ ಹೊಲದ ಮನೆಯಲ್ಲಿ ಇರುತ್ತಾರೆ. ಆಕೆ ಈಗಷ್ಟೇ, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಒಂದು ಕಾಳೂ ಬಂದಿಲ್ಲ ಎಂದಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ನಾನು ಯಾರನ್ನು ಕಾಯಲಿ ಎಂದು ಸಿಟ್ಟು ಬಂತು. ಬೀಜ ಕಡಿಮೆಬಿದ್ದಿರಬೇಕು, ಯಳಂದೂರಿನವರಿಗೆ ಇಲ್ಲ ಎನ್ನಲು ಮನಸ್ಸಾಗದೆ ಬೆರೆಸಿಬಿಟ್ಟಿದ್ದಾರೆ ಎಂದು ತೀರ್ಮಾನ ಮಾಡಿದೆ.

ನಾನು ಕೇಳದೆ ಕೊಟ್ಟಿಗೆಗೆ ಹೋದೆ. ಬಾನಿಯೊಳಗೆ ಕೈಯಾಡಿಸಿದೆ. ರಾಗಿ ಹುಲ್ಲು, ಹುರುಳಿ ಹೊಟ್ಟು. ಗೊಬ್ಬರದ ಗುಂಡಿಯ ಬಳಿ ಹತ್ತಿಗಿಡ ಹುಟ್ಟಿದೆಯೇ ನೋಡಿದೆ. ಇರಲಿಲ್ಲ. ಅಟ್ಟಕ್ಕೆ ಏಣಿ ಹಾಕಲು ಹೊರಟಾಗ ಬೀಜದಮ್ಮ ಬಾಗಿಲಲ್ಲಿ ಬಂದು ನಿಂತರು.

"ಅಟ್ಟ ನೋಡಿ. ಮಂಕ್ರಿ ಅಡೀಗೂ ನೋಡಿ. ನನ್ನ ಸೀರೆ ಪೆಟ್ಗೆ ಅದೆ, ಅದ್ನೂ ಬಿಚ್ಚಿ ನೋಡಿ ಮೇಡಮ್ಮ" ಎಂದರು.

ಅದುವರೆಗೂ ಆಕೆ ನನ್ನನ್ನು ಮೇಡಮ್ಮ ಎಂದಿರಲಿಲ್ಲ. ಅವ್ವ ಎನ್ನುತ್ತಿದ್ದರು. ನನಗೆ ನೋವಾಯಿತು. ಆದರೂ ಏಣಿ ಹತ್ತಿ ಅಟ್ಟ ನೋಡಿದೆ, ಅಲ್ಲಿ ಏನೂ ಇರಲಿಲ್ಲ.

ಇಬ್ಬರೂ ಜಗುಲಿಯಲ್ಲಿ ಕೂತಿದ್ದಾಗ ಪಕ್ಕದ ಮನೆಯಾಕೆ ಎರಡು ಲೋಟ ಹಿಡಿದು ಬಂದರು. ಆ ಸಾಲಿನಲ್ಲಿ ತಮಿಳು ಮಾತಾಡುವ ಮನೆಗಳು ಬಹಳ, ಈಕೆಯದೂ ಅಂಥದೊಂದು. ಹಿಂದೆಯೇ ಕಂಕುಳಲ್ಲಿ ಕೂಸಿಟ್ಟುಕೊಂಡು ಮಗಳೂ ಬಂದು ಬಾಗಿಲಿಗೆ ಒರಗಿ ನಿಂತಳು. ಹೆರಿಗೆಗೆ ತವರಿಗೆ ಬಂದವಳಂತೆ, ಈಗ ಗಂಡನ ಮನೆಗೆ ಹೊರಡುವ ಹೊತ್ತು.

"ಮೇಡಮ್ಮೋರು ಬಂದವ್ರೆ ಅಂದ್ರು. ಪರುತ್ತಿಪಾಲು ಮಾಡಿದ್ದೆ, ಕುಡೀರಿ" ಎಂದು ಲೋಟ ಕೈಗಿತ್ತರು.

ಹತ್ತಿಬೀಜ ನೆನೆಸಿ, ರುಬ್ಬಿ, ಹಿಂಡಿ ತೆಗೆದ ಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ಕುದಿಸುವ ಪಾನೀಯ ಅದು. ಬಾಣಂತಿಗೆ ಎದೆಹಾಲು ಹೆಚ್ಚುತ್ತದೆ ಎಂದು ಆ ಕಡೆ ಕುಡಿಸುತ್ತಾರೆ. ಲೋಟ ತುಟಿಗೆ ತಾಗಿಸಿ ಅಭ್ಯಾಸಬಲದಿಂದ ಕೇಳಿದೆ. "ಬೀಜ ಎಲ್ಲಿಂದ ತಂದ್ರಿ?"

"ಇದು ಅಂಗಡೀದು ಮೇಡಮ್ಮ, ನಮ್ಗೆ ಕುಡಿಯಾಕೆ. ನನ್ನ ಮಗಳ ಅಸಿ ಬಾಣಂತನಕ್ಕೆ ಮಾತ್ರ ಅಂಗಡೀದು ಆಕ್ಲಿಲ್ಲ. ಅದ್ಕೆ ಔಸ್ತಿ ಒಡೆದಿರ್ತಾರಲ್ಲ, ಕೂಸಿನ ಬಾಯ್ಗೆ ಓಗೋದು. ಅಕ್ಕನ ವಾಡೇಲಿ ಇರೋದು ಬಂಗಾರದಂತ ಬೀಜ. ಒಂದು ಸೇರು ಈಸ್ಕಂಡೋಗಿದ್ದೆ."

"ಆಮೇಲೆ?"

"ಆಮೇಲೇನು, ವಾಪಸ್ ಕೊಟ್ಟೆ. ಬಾಣಂತಿಗೆ ಈಸ್ಕಂಡಿದ್ದು ಮಡಿಕಬಾರದು. ಬೂಸಾ ಅಂಗಡೀಲಿ ತಂದು, ಸೇರಿನ ಮ್ಯಾಲೆ ಗೋಪುರ ನಿಂತ್ಕಬೇಕು, ಅಂಗೆ ಅಳ್ದು ತಂದುಕೊಟ್ಟೆ. ಕೇಳಿ ಅಕ್ಕನ್ನ."

ಆಕೆಯ ಮುಖದಲ್ಲಿ ಇದ್ದದ್ದು ಹೆಮ್ಮೆ. ಕೊಟ್ಟ ಮಾತು ಉಳಿಸಿಕೊಂಡವರ ಹೆಮ್ಮೆ.

ನಾನು ಬೀಜದಮ್ಮನನ್ನು ನೋಡಿದೆ. ಆಕೆ ಲೋಟವನ್ನು ನೆಲಕ್ಕಿಟ್ಟು ನನ್ನನ್ನೇ ನೋಡುತ್ತಿದ್ದರು. ಕಣ್ಣಿನಲ್ಲೇ ಬೇಡ, ಈಗ ಬೇಡ ಎಂದರು. ನಾನು ಹಾಲು ಕುಡಿದು, ಚೆನ್ನಾಗಿದೆ ಎಂದೆ. ಪಕ್ಕದ ಮನೆಯಾಕೆ ಖಾಲಿ ಲೋಟ ತೆಗೆದುಕೊಂಡು ಮಗಳ ಜೊತೆ ಹೋದರು.

"ಬಾಣಂತಿಗೆ ಕೇಳ್ದಾಗ ಇಲ್ಲ ಅನ್ಬಾರದು ಕಣವ್ವ" ಎಂದರು ಬೀಜದಮ್ಮ. "ತಂದುಕೊಟ್ಟಿದ್ನ ಮೊರಕ್ಕಾಕಿ ನೋಡ್ಬಾರದು. ಯಾವ ವಾಡೇಲಿ ತೆಗ್ದಿದ್ವೋ ಅದೇ ವಾಡೆಗೆ ಸುರೀಬೇಕು. ನಮ್ಮತ್ತೆ ಏಳ್ಕೊಟ್ಟಿದ್ದು ಅಂಗೆ. ನಾನು ಅಂಗೇ ಮಾಡ್ದೆ."

"ಹೊರಗಿಂದು ಬಂದಿಲ್ಲ ಅಂದ್ರಲ್ಲ?"

"ಅದು ಒರಗಿಂದಾ? ನಮ್ಮನೇದೇ ಓಗಿತ್ತು, ನಮ್ಮನೇದೇ ಬಂತು."

ಆಕೆ ಸುಳ್ಳು ಹೇಳಿರಲಿಲ್ಲ. ಸಾಲ ಹೋಗಿ ತಿರುಗಿ ಬಂದದ್ದು ಆ ಮನೆಗಳ ಲೆಕ್ಕದಲ್ಲಿ ಮೊದಲಿನದೇ ಬೀಜ. ಹಿಂದೆ ಆ ಲೆಕ್ಕ ಸರಿಯಾಗೇ ಇತ್ತು, ಏಕೆಂದರೆ ಆಗ ಊರಿನವರೆಲ್ಲ ಬೆಳೆಯುತ್ತಿದ್ದುದು ಒಂದೇ ಹತ್ತಿ. ಅತ್ತೆಯ ಕಾಲದಲ್ಲಿ ಯಾರ ಮನೆಯ ಸೇರು ತಂದು ಸುರಿದಿದ್ದರೂ ವಾಡೆ ಕೆಡುತ್ತಿರಲಿಲ್ಲ. ನಾನು ಕಳ್ಳರನ್ನು ಹುಡುಕಿಕೊಂಡು ಮೂರು ತಾಲ್ಲೂಕು ತಿರುಗಿದ್ದೆ. ಕದ್ದವರು ಯಾರೂ ಇರಲಿಲ್ಲ, ಒಬ್ಬಾಕೆ ನಿಯತ್ತಾಗಿ ಹಿಂದಿರುಗಿಸಿದ್ದರು, ಇನ್ನೊಬ್ಬಾಕೆ ಮರ್ಯಾದೆಯಿಂದ ಇಸಿದುಕೊಂಡಿದ್ದರು.

ಆದರೆ ವಾಡೆ ಕೆಟ್ಟಿದ್ದು ಕೆಟ್ಟಿದ್ದೇ.

"ಅಡೀದು ಚೆನ್ನಾಗದಲ್ಲ" ಎಂದರು ಬೀಜದಮ್ಮ. "ಮೇಲಿಂದು ತೆಗೆದು ಬಿಸಾಕ್ಬುಡುವ. ಅಡೀದು ಉಳ್ಸಿಕೊಡವ್ವ."

ನನಗೂ ಅದೇ ಆಸೆಯಾಯಿತು. ತಳದ ಪಟ್ಟಿಗಳು ಎದುರಿಗೇ ಒಂದೇ ಗೆರೆ ತೋರಿಸುತ್ತ ನಿಂತಿದ್ದವು. ಆದರೆ ನಾನು ಪರೀಕ್ಷಿಸಿದ್ದು ಕೆಲವೇ ಕಾಳು. ಯಳಂದೂರಿಗೆ ಅಳೆಯುವಾಗ ಮೊರ ಇಳಿದಿದೆ, ಕೈ ಇಳಿದಿದೆ, ಮೇಲಿನದು ಕೆಳಕ್ಕೆ ಜಾರಿದೆ. ಬೀಜವನ್ನು ಒಡೆದೇ ಪರೀಕ್ಷಿಸಬೇಕು, ಒಡೆದ ಬೀಜ ಬಿತ್ತಲು ಬಾರದು. ಅಲ್ಲಿ ಒಂದೇ ಒಂದು ಬಿಟಿ ಕಾಳು ಉಳಿದು ಗಿಡವಾದರೆ, ಅದರ ಹೂವಿನ ಪರಾಗ ಸುತ್ತಲಿನ ಗಿಡಗಳಿಗೆ ಹೋಗುತ್ತದೆ. ಆಮೇಲೆ ಯಾವ ಕಾಳನ್ನೂ ನಮ್ಮದು ಎನ್ನಲು ನನಗೆ ಬಾಯಿ ಬರುವುದಿಲ್ಲ. ಮಧುವನಹಳ್ಳಿಯ ಹೊಲ ಶುದ್ಧವಾಗಿ ನಿಂತಿತ್ತು. ಅಲ್ಲಿಂದ ಬೀಜ ಆರಿಸಬಹುದು. ಇಲ್ಲಿಯದನ್ನು ಪೂರ್ತಿ ತೆಗೆಯಬೇಕು ಎಂದು ನಾನು ನಿರ್ಧರಿಸಿ ಹೇಳಿದೆ.

ಬೀಜದಮ್ಮ ಅಳಲಿಲ್ಲ. "ಬರ್ಕಳಿ" ಎಂದರು. "ಕಾರಣ ಬರೀಬೇಕಲ್ವಾ, ನನ್ನೆಸರು ಬರ್ಕಳಿ. ಮುದ್ಕಿ ಮರ್ತು ಬೆರೆಸ್ಬುಟ್ಳು ಅಂತ ಬೇಕಾದ್ರೂ ಬರೀರಿ. ಅವಳ ಎಸರು ಬ್ಯಾಡ. ಅವಳ್ಗೆ ಏಳೋದೂ ಬ್ಯಾಡ. ಮಗಳ್ನ ಕಳಿಸ್ತಾ ಅವಳೆ, ಬಾಣಂತಿಗೆ ಕುಡ್ಸಿದ್ದು ಕೇಡು ತಂತು ಅಂದ್ಕತಾಳೆ."

ಸುಳ್ಳು ಬರೆಯಲು ನಾನು ಒಪ್ಪಲಿಲ್ಲ. ಕಾರಣ ಗೊತ್ತಾಗಿಲ್ಲ ಎಂದು ಬರೆದರೆ ಯಳಂದೂರಿನ ರೈತ ಜೀವನಪೂರ್ತಿ ಪ್ಯಾಕೆಟ್ ಕಳ್ಳನಾಗಿ ಉಳಿಯುತ್ತಾನೆ. ಬಾಣಂತಿಗೆಂದು ಸಾಲ ಹೋದ ಬೀಜದ ಬದಲಿಗೆ ದನದ ಬೀಜ ಬಂದು ವಾಡೆ ಸೇರಿದೆ ಎಂದು ಬರೆದೆ, ಯಾರ ಮನೆ ಎಂದು ಬರೆಯಲಿಲ್ಲ. ವಾಡೆಯ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಮಣ್ಣು ಮೆತ್ತಿ, ಕೊಳ್ಳೇಗಾಲಕ್ಕೆ ವಾಪಸ್ಸು ಬಂದೆ. ಕಾರ್ಯದರ್ಶಿ ವರದಿ ಓದಿ ಹೆಸರು ಹಾಕಿ ಎಂದು ಪಟ್ಟುಹಿಡಿದರು, ನಾನು ಹಾಕಲಿಲ್ಲ. ಆಟೋದ ಬಗ್ಗೆ ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡೆ. ಅವರ ಮೇಲಿನ ಅನುಮಾನ ಪೂರ್ತಿ ಹಿಂದಕ್ಕೆ ಬರಲಿಲ್ಲ, ಅವರು ಬಾಗಿಲೆಳೆದದ್ದು ಇನ್ನೂ ಕಣ್ಣಿನಲ್ಲಿದೆ. ಯಳಂದೂರಿನ ಬೆಳೆ ಸಂಘದ ಹತ್ತಿಯಾಗದೆ ಸಾಧಾರಣ ಹತ್ತಿಯ ಜೊತೆ ಹೋಯಿತು. ಆ ರೈತನಿಗೆ ತಪ್ಪು ನಿಮ್ಮದಲ್ಲ ಎಂದು ಹೇಳಲು ನಾನೇ ಹೋದೆ. ಅವನು ಕೇಳಿಸಿಕೊಂಡು, ಸಂತೆಗೆ ಹೊತ್ತಾಯಿತು ಎಂದು ಹೊರಟುಹೋದ.

ಬೀಜ ಮತ್ತೆ ಮೊಳೆಯದ ಹಾಗೆ ಬೇಯಿಸಬೇಕು, ಬೇಯಿಸುವುದನ್ನು ನಾನು ನಿಂತು ನೋಡಬೇಕು ಎಂದು ಸಂಘದಲ್ಲಿ ತೀರ್ಮಾನವಾಯಿತು. ಮತ್ತೆ ಹನೂರಿನ ಬಸ್ಸು ಹತ್ತಿದೆ.

ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಮದುವೆ ಅಡುಗೆಗೆ ತರುವಂಥ ಕೊಪ್ಪರಿಗೆಯಲ್ಲಿ ಬೀಜದಮ್ಮ ನೀರಿಟ್ಟಿದ್ದರು. ವಾಡೆಯಿಂದ ಮೊರ ಮೊರ ತಂದು ಸುರಿದೆವು. ಕುದಿಯುವ ನೀರಿನಲ್ಲಿ ಜುಂಗು ನೆನೆದು ಕಾಳು ಕಪ್ಪಗಾಗುತ್ತ ಹೋಯಿತು. ಬೀಜದಮ್ಮ ಪ್ರತಿ ಮೊರ ಸುರಿಯುವಾಗಲೂ ಒಂದು ಕ್ಷಣ ತಡೆದು ಸುರಿಯುತ್ತಿದ್ದರು.

ವಾಸನೆಗೆ ಪಕ್ಕದ ಮನೆಯಾಕೆ ಬೇಲಿಯ ಹತ್ತಿರ ಬಂದರು. "ಏನಕ್ಕಾ, ಬಿತ್ನೆ ಬೀಜ ಬೇಸ್ತಾ ಇದೀಯಾ?"

"ಉಳ ಬಿದ್ಬುಡ್ತು ಕಣವ್ವ" ಎಂದರು ಬೀಜದಮ್ಮ, ತಲೆ ಎತ್ತದೆ.

"ಅಯ್ಯೋ, ವಾಡೇನೆಲ್ಲ?" ಆಕೆ ಒಳಗೆ ಓಡಿದರು. ಯಾಕೆ ಓಡಿದರು ಎಂದು ನಮಗೆ ತಿಳಿಯುವುದರೊಳಗೆ ಬಂದೂಬಿಟ್ಟರು. ಎರಡೂ ಕೈಯಲ್ಲಿ ಸೇರು, ಸೇರಿನ ಮೇಲೆ ಗೋಪುರವಾಗಿ ನಿಂತ ಬೀಜ. "ಬೀಜದ ಮನೆ ಬರೀದಾಗಬಾರದು ಅಕ್ಕಾ. ವಾಡೆ ತಳಕ್ಕೆ ಇಷ್ಟಾದ್ರೂ ಆಕು."

ಬೀಜದಮ್ಮ ಕೈ ಚಾಚಲಿಲ್ಲ. "ಬ್ಯಾಡ" ಎಂದರು.

"ಯಾಕಕ್ಕಾ?"

"ಬ್ಯಾಡ ಕಣವ್ವ. ಇನ್ಮ್ಯಾಲೆ ಬೀಜ ಕೊಡೋದೂ ಬ್ಯಾಡ, ಈಸ್ಕಳೋದೂ ಬ್ಯಾಡ."

ಪಕ್ಕದ ಮನೆಯಾಕೆ ಸೇರು ಹಿಡಿದುಕೊಂಡೇ ನಿಂತರು. ಅವರ ಮುಖ ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. "ನಮ್ಮನೇದು ಆಗಕಿಲ್ವಾ ಅಕ್ಕಾ?" ಎಂದು ಬಹಳ ಮೆಲ್ಲಗೆ ಕೇಳಿದರು.

ಆ ಊರಿನಲ್ಲಿ, ಆ ಸಾಲಿನಲ್ಲಿ, ಒಂದು ಮನೆಯದು ಇನ್ನೊಂದು ಮನೆಗೆ ಆಗುವುದಿಲ್ಲ ಎಂದರೆ ಏನರ್ಥ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ವರ್ಷ ಒಂದೇ ಬೇಲಿ ಹಂ‍ಚಿಕೊಂಡು ಬಾಳಿದ್ದರೂ ಜಾತಿಯ ಆ ಮಾತು ಒಳಗೆಲ್ಲೋ ಕಾದು ಕೂತಿರುತ್ತದೆ. ಬೀಜದಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಮುಚ್ಚಿಟ್ಟರೆ ಆಕೆಗೆ ನೋವು ತಪ್ಪುತ್ತದೆ ಎಂದುಕೊಂಡಿದ್ದೆವು. ಅದಕ್ಕಿಂತ ದೊಡ್ಡ ನೋವು ನಮ್ಮೆದುರಿಗೇ ನಿಂತಿತ್ತು.

ಬೀಜದಮ್ಮ ಬೇಲಿಯ ಹತ್ತಿರ ಹೋಗಿ ಆಕೆಯ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದರು. ಅಂಗಡಿಯ ಬೀಜ, ವಾಡೆ, ಯಳಂದೂರಿನ ಹೊಲ, ಯಾವುದನ್ನೂ ಬಿಡಲಿಲ್ಲ. ಕೂಸಿಗೂ ಅದಕ್ಕೂ ಸಂಬಂಧವಿಲ್ಲ, ನಿನ್ನ ಮಗಳು ಕುಡಿದದ್ದು ನನ್ನ ವಾಡೆಯ ಒಳ್ಳೇ ಬೀಜವೇ ಎಂದು ಎರಡು ಸಲ ಹೇಳಿದರು.

ಪಕ್ಕದ ಮನೆಯಾಕೆ ಪೂರ್ತಿ ಕೇಳಿದರು. ಆಮೇಲೆ ಬೇಲಿ ದಾಟಿ ಬಂದು ತಮ್ಮ ಸೇರನ್ನು ತಾವೇ ಕೊಪ್ಪರಿಗೆಗೆ ಬೋರಲು ಹಾಕಿದರು. ಒಲೆಯ ಮುಂದೆ ಕೂತು ಸೌದೆ ಒಳಕ್ಕೆ ತಳ್ಳುತ್ತ ನನ್ನ ಕಡೆ ತಿರುಗಿದರು.

"ನನ್ನ ಮ್ಯಾಲೆ ಅನ್ಮಾನ ಪಟ್ಟು ಒಂದು ಮಾತು ಕೇಳಿದ್ರೆ ಬೈಕಂಡು ಸುಮ್ಕಾಯ್ತಿದ್ದೆ ಮೇಡಮ್ಮ" ಎಂದರು. "ಉಳ ಬಿತ್ತು ಅಂತ ಮುಚ್ಚಿಟ್ರಲ್ಲ, ಅದು ತಡ್ಕಳಕಾಗಕಿಲ್ಲ."